ಮರುಭೂಮಿಯ ದಾರಿಯಲ್ಲಿ ಮರಳಿ ಬಂದ ಮಗ

ನಿಮ್ಮ ಮನೆಯ ಮಗನೋ ಮಗಳೋ ಪೂಜೆಗೆ ಬರುವುದನ್ನು ಬಿಟ್ಟಿದ್ದಾರೆಯೇ? ಸಂಜೆಯ ಜಪಸರದ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾರೆಯೇ? ಹಾಗಾದರೆ ಸಂತ ಶಾರ್ಲ್ ದ ಫುಕೋ ಅವರ ಜೀವನವನ್ನು ನೀವು ತಿಳಿದಿರಬೇಕು.

ಶಾರ್ಲ್ 1858ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಹುಟ್ಟಿದರು. ಆರು ವರ್ಷ ತುಂಬುವ ಮೊದಲೇ ತಂದೆತಾಯಿ ಇಬ್ಬರೂ ತೀರಿಕೊಂಡರು. ಅಜ್ಜ ಪ್ರೀತಿಯಿಂದ ಸಾಕಿದರು. ಆದರೂ ಹದಿಹರೆಯದಲ್ಲಿ ಹುಡುಗ ದೇವರನ್ನು ಮರೆತ. ಅಜ್ಜನ ನಂತರ ಕೈಗೆ ಬಂದ ಆಸ್ತಿಯನ್ನು ಔತಣ ಮೋಜುಗಳಲ್ಲಿ ನೀರಿನಂತೆ ಚೆಲ್ಲಿದ. ಸೈನ್ಯದ ಅಧಿಕಾರಿಯಾಗಿ ಅಲ್ಜೀರಿಯಾಕ್ಕೆ ಹೋಗಿ, 1882ರಲ್ಲಿ ಆ ಕೆಲಸವನ್ನೂ ಬಿಟ್ಟ.

ಆಗ ಮೊರಾಕ್ಕೊ ದೇಶದ ಒಳನಾಡಿಗೆ ಕ್ರೈಸ್ತರು ಹೋಗುವಂತಿರಲಿಲ್ಲ. ಸಿಕ್ಕಿಬಿದ್ದರೆ ಜೀವಕ್ಕೇ ಅಪಾಯ. ಶಾರ್ಲ್ 1883ರ ಜೂನ್ ತಿಂಗಳಲ್ಲಿ ಬಡ ಯೆಹೂದಿ ಗುರುವಿನ ವೇಷ ತೊಟ್ಟು, ಮೊರ್ದೆಕಾಯ್ ಎಂಬ ಯೆಹೂದಿ ಮಾರ್ಗದರ್ಶಕನೊಡನೆ ಹೊರಟರು. ಅಟ್ಲಾಸ್ ಪರ್ವತಗಳ ಕಣಿವೆಗಳನ್ನು ದಾಟಿ ಸಹಾರಾದ ಅಂಚಿನ ತಿಸಿಂತ್ ಎಂಬ ಖರ್ಜೂರದ ಊರಿನವರೆಗೂ ಹೋದರು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪುಸ್ತಕದಲ್ಲಿ, ಯಾರಿಗೂ ಕಾಣದಂತೆ, ದಾರಿಯ ತಿರುವುಗಳನ್ನೂ ಬೆಟ್ಟಗಳ ಎತ್ತರವನ್ನೂ ಬರೆದುಕೊಂಡರು. ದಾರಿಯಲ್ಲಿ ಕಲ್ಲೆಸೆದವರಿದ್ದರು. ಕೊನೆಗೆ ಕಾವಲಿಗೆ ಬಂದವರೇ ಹಣ ದೋಚಿದರು. ಆದರೆ ಗುಟ್ಟು ತಿಳಿದ ಮೇಲೂ ಆಶ್ರಯ ಕೊಟ್ಟು ಕಾಪಾಡಿದ ಮುಸ್ಲಿಮರೂ ಇದ್ದರು. ಹನ್ನೊಂದು ತಿಂಗಳ ಬಳಿಕ, 1884ರ ಮೇ 23ರಂದು, ಅವರು ಜೀವಂತವಾಗಿ ಅಲ್ಜೀರಿಯಾದ ಗಡಿ ಸೇರಿದರು. ಹೊರಗಿನವರು ಅಳೆಯದಿದ್ದ ಸುಮಾರು 2,250 ಕಿಲೋಮೀಟರ್ ದಾರಿಯನ್ನು ನಕ್ಷೆಗೆ ಸೇರಿಸಿದ್ದಕ್ಕೆ ಪ್ಯಾರಿಸ್ಸಿನ ಭೂಗೋಳ ಸಂಘ 1885ರಲ್ಲಿ ಚಿನ್ನದ ಪದಕ ನೀಡಿತು.

ಆದರೆ ಪದಕಕ್ಕಿಂತ ದೊಡ್ಡದೊಂದು ಅವರ ಎದೆಯಲ್ಲಿ ಉಳಿದಿತ್ತು. ಹೊತ್ತುಹೊತ್ತಿಗೆ ಕೆಲಸ ನಿಲ್ಲಿಸಿ ನೆಲಕ್ಕೆ ಹಣೆಯಿಟ್ಟು ಪ್ರಾರ್ಥಿಸುವ ಜನರನ್ನು ಅವರು ನೋಡಿದ್ದರು. ದೇವರಿಲ್ಲದ ತನ್ನ ಬದುಕು ಅವರಿಗೆ ಬರಿದಾಗಿ ಕಂಡಿತು. ಪ್ಯಾರಿಸ್ಸಿಗೆ ಬಂದಾಗ ಬಂಧುಗಳು ಹಳೆಯದನ್ನು ಕೆದಕಲಿಲ್ಲ, ಬುದ್ಧಿ ಹೇಳಲಿಲ್ಲ. ಅಕ್ಕನಂತಿದ್ದ ಮರಿ ದ ಬೊಂದಿ ಮನೆಬಾಗಿಲು ತೆರೆದಿಟ್ಟು, ಮೌನವಾಗಿ ಪ್ರಾರ್ಥಿಸಿದರು. 1886ರ ಅಕ್ಟೋಬರ್ ಕೊನೆಯಲ್ಲಿ ಶಾರ್ಲ್ ಸಂತ ಅಗುಸ್ತೀನರ ದೇವಾಲಯದಲ್ಲಿ ಉವೆಲ್ಯಾಂ ಸ್ವಾಮಿಯವರ ಬಳಿ ಧರ್ಮೋಪದೇಶ ಕೇಳಲು ಹೋದರು. ಗುರುಗಳು ಚರ್ಚೆಗೆ ಇಳಿಯಲಿಲ್ಲ. ಮೊಣಕಾಲೂರಿ ಪಾಪನಿವೇದನೆ ಮಾಡಲು ಹೇಳಿದರು. ಅಂದೇ ಪರಮಪ್ರಸಾದವನ್ನೂ ಕೊಟ್ಟರು.

ಮುಂದೆ ಅವರು ಟ್ರ್ಯಾಪಿಸ್ಟ್ ಸನ್ಯಾಸಿಯಾದರು, ನಜರೇತಿನ ಕನ್ಯಾಮಠದಲ್ಲಿ ಆಳಾಗಿ ದುಡಿದರು. 1901ರಲ್ಲಿ ಗುರುದೀಕ್ಷೆ ಪಡೆದು ಸಹಾರಾಕ್ಕೆ ಹಿಂದಿರುಗಿದರು, ಈ ಸಲ ವೇಷವಿಲ್ಲದೆ. ಬೆನಿ ಅಬ್ಬೆಸ್‌ನಲ್ಲಿ ಹಣ ತೆತ್ತು ಗುಲಾಮರನ್ನು ಬಿಡಿಸಿದರು. ಗುಲಾಮಗಿರಿಗೆ ಕಣ್ಣುಮುಚ್ಚಿದ ತಮ್ಮ ದೇಶದ ಆಡಳಿತವನ್ನೇ ಖಂಡಿಸಿದರು. ತೇರಗಾಂವ, ಹಳಿಯಾಳ ಸೀಮೆಯ ನಮಗೆ ಈ ಮಾತು ದೂರದ್ದಲ್ಲ. ಇಂದು ನಮ್ಮೊಡನೆ ಪೂಜೆಗೆ ನಿಲ್ಲುವ ಸಿದ್ದಿ ಬಾಂಧವರ ಪೂರ್ವಜರಲ್ಲಿ ಅನೇಕರನ್ನು ಆಫ್ರಿಕಾದಿಂದ ಗುಲಾಮರಾಗಿಯೇ ಹಡಗೇರಿಸಿ ತಂದಿದ್ದರು.

1905ರಿಂದ ಅವರು ತಮನ್ರಾಸೆತ್‌ನಲ್ಲಿ ತುಆರೆಗ್ ಜನರ ನಡುವೆ ನೆಲೆಸಿ, ಅವರ ಭಾಷೆಗೆ ನಿಘಂಟು ಬರೆದರು. 1908ರ ಆರಂಭದಲ್ಲಿ ಕಾಯಿಲೆಯಿಂದ ಸಾಯುವ ಸ್ಥಿತಿ ಬಂದಾಗ, ಬರಗಾಲದಲ್ಲಿದ್ದ ಆ ಬಡವರೇ ದೂರದೂರದಿಂದ ಆಡಿನ ಹಾಲು ಕೂಡಿಸಿ ತಂದು ಕುಡಿಸಿದರು. ಕೊಡಲು ಬಂದವರು ಪಡೆಯುವುದನ್ನೂ ಕಲಿತರು.

1916ರ ಡಿಸೆಂಬರ್ 1ರಂದು ದಾಳಿಕಾರರ ಗುಂಡಿಗೆ ಅವರು ಬಲಿಯಾದರು. ಅವರು ಕನಸಿದ ಸಭೆಗೆ ಅಂದು ಒಬ್ಬ ಸಹೋದರನೂ ಸೇರಿರಲಿಲ್ಲ. ಆದರೆ 1933ರಲ್ಲಿ ಯೇಸುವಿನ ಕಿರಿಯ ಸಹೋದರರು, 1939ರಲ್ಲಿ ಯೇಸುವಿನ ಕಿರಿಯ ಸಹೋದರಿಯರು ಆ ದಾರಿ ಹಿಡಿದರು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ಅದೇ ಪೂಜೆಯಲ್ಲಿ ನಮ್ಮ ದೇಶದ ದೇವಸಹಾಯಂ ಪಿಳ್ಳೆಯವರೂ ಸಂತರಾದರು.

ಆದ್ದರಿಂದ ದೂರ ಹೋದ ಮಕ್ಕಳ ವಿಷಯದಲ್ಲಿ ಎದೆಗುಂದಬೇಡಿ. ದೇವರು ಅವರನ್ನು ಯಾವ ದಾರಿಯಲ್ಲಿ, ಯಾರ ಮನೆಯ ಪ್ರಾರ್ಥನೆಯಿಂದ ಮುಟ್ಟುತ್ತಾರೋ ನಾವು ಹೇಳಲಾರೆವು. ಇಂದು ರಾತ್ರಿ ಜಪಸರ ಹಿಡಿದಾಗ ಅವರ ಹೆಸರನ್ನು ಹೇಳಿ. ಅವರು ಬಂದಾಗ ಮೊದಲು ಊಟಕ್ಕೆ ಕರೆಯಿರಿ.