ಕಳ್ಳಿಯ ಬಯಲಿನಲ್ಲಿ ಊರು ಕಟ್ಟಿದ ಲಕ್ಷ್ಮಣರಾಯರು

ದಾವಣಗೆರೆಯೂ ಹರಿಹರವೂ ಒಂದನ್ನೊಂದು ಮುಟ್ಟುವಂತೆ ಬೆಳೆಯುತ್ತಿರುವ ಪಟ್ಟಣಗಳು. ಎರಡಕ್ಕೂ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಎಸ್.ಎಸ್. ಬಡಾವಣೆಯೇ ಮೊದಲಾದ ಹೊಸ ವಸತಿಪ್ರದೇಶಗಳು ಹಳೆಯ ಪೇಟೆಯ ಎಲ್ಲೆಯನ್ನು ದಾಟಿ ಹಬ್ಬಿರುವುದನ್ನು ವಾಚಕರು ಬಲ್ಲರು. ನಿವೇಶನಕ್ಕೆ ಅರ್ಜಿ ಹಾಕುವವರಿಗೆ ಕೊರತೆಯಿಲ್ಲ. ಆದರೆ ನಿವೇಶನಗಳ ಸಮೂಹವು ಊರೆನ್ನಿಸಿಕೊಳ್ಳುವುದು ಯಾವಾಗ ಎಂದು ವಿಚಾರಿಸುವವರು ವಿರಳ. ಈ ಪ್ರಶ್ನೆಗೆ ಶತಮಾನಕ್ಕೂ ಹಿಂದೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರೊಬ್ಬರಿದ್ದರು. ಹರಿಹರದಲ್ಲಿ ಮನೆಮಾತಾದ ಹೆಸರಿನ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರೇ ಅವರು.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ವೇದಾಂತಪಂಡಿತರು. ಮಗನಿಗಾದರೋ ಶಾಸ್ತ್ರಗ್ರಂಥಗಳಿಗಿಂತ ಚಿತ್ರಕಲೆಯಲ್ಲಿಯೂ ಯಂತ್ರಗಳಲ್ಲಿಯೂ ಆಸಕ್ತಿ. ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿ ಎರಡು ವರ್ಷ ಕಳೆಯುವುದರೊಳಗೆ, ಕೆಲವು ಬಣ್ಣಗಳ ಭೇದವನ್ನು ತಮ್ಮ ಕಣ್ಣು ಗುರುತಿಸಲಾರದೆಂಬುದು ತಿಳಿದುಬಂದಿತು. ಚಿತ್ರಕಾರನಾಗುವ ಆಸೆ ಅಲ್ಲಿಗೆ ಮುಗಿಯಿತು. ಅವರು ಎದೆಗುಂದದೆ ಬಣ್ಣದ ಅವಶ್ಯಕತೆಯಿಲ್ಲದ ಯಂತ್ರರೇಖನವನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಶಾಲೆಯಲ್ಲಿ ಉಪಾಧ್ಯಾಯರಾದರು. ಬಿಡುವಿನ ವೇಳೆಯಲ್ಲಿ ಅಲ್ಲಿಯ ಕಮ್ಮಟದಲ್ಲಿ ನಿಂತು ಯಂತ್ರಗಳ ಮರ್ಮವನ್ನು ಅರಿತುಕೊಂಡರು. ತಮಗೆ ನ್ಯಾಯವಾಗಿ ದೊರೆಯಬೇಕಾಗಿದ್ದ ಮೇಲಿನ ಹುದ್ದೆಯು ಆಂಗ್ಲೋ-ಇಂಡಿಯನ್ ಒಬ್ಬನ ಪಾಲಾದಾಗ, ಆ ಅವಮಾನವನ್ನು ನುಂಗಿಕೊಂಡಿರದೆ ಕೆಲಸವನ್ನು ಬಿಟ್ಟು ಬೆಳಗಾವಿಗೆ ಹಿಂದಿರುಗಿದರು.

ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರೊಡನೆ ನಡೆಸಿದ ಸೈಕಲ್ಲಿನ ಅಂಗಡಿಯೇ ಅವರ ಉದ್ಯಮದ ಬೀಜ. ಸೈಕಲ್ಲುಗಳನ್ನು ಮಾರುವುದು, ದುರಸ್ತಿ ಮಾಡುವುದು, ಸವಾರಿ ಕಲಿಸುವುದು ಅಲ್ಲಿಯ ಕೆಲಸವಾಗಿತ್ತು. ಪರರು ತಯಾರಿಸಿದುದನ್ನು ಮಾರುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಮೇವು ಕತ್ತರಿಸುವ ಯಂತ್ರವನ್ನೂ ಆಮೇಲೆ ಕಬ್ಬಿಣದ ನೇಗಿಲನ್ನೂ ತಾವೇ ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದುದರಿಂದ ಮೊದಲನೆಯ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷಗಳು ಹಿಡಿದುವು. ಸ್ವದೇಶಿಯೆಂಬುದು ಸಭೆಗಳಲ್ಲಿ ಮೊಳಗುತ್ತಿದ್ದ ಕಾಲದಲ್ಲಿ ಅದನ್ನು ಕುಲುಮೆಯಲ್ಲಿ ಕಾಸಿ ಹೊಲಕ್ಕೆ ಇಳಿಸಿದವರು ಇವರು.

ಇಷ್ಟರಲ್ಲಿ ಪುರಸಭೆಯ ನಿರ್ಬಂಧಗಳು ಅಡ್ಡಬಂದು, ಕಾರಖಾನೆಯು ಬೆಳಗಾವಿಯನ್ನು ಬಿಡಬೇಕಾದ ಪ್ರಸಂಗವೊದಗಿತು. ಕುಲುಮೆಯನ್ನೂ ಕೆಲಸಗಾರರನ್ನೂ ಕಟ್ಟಿಕೊಂಡು ಎಲ್ಲಿಗೆ ಹೋಗುವುದೆಂದು ತೋಚದಿದ್ದಾಗ, ಔಂಧ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಗಳು 10,000 ರೂಪಾಯಿಗಳನ್ನು ಬಡ್ಡಿಯಿಲ್ಲದೆ ಸಾಲವಾಗಿತ್ತು, ಕುಂಡಲ್ ರೋಡ್ ಎಂಬ ಚಿಕ್ಕ ರೈಲು ನಿಲ್ದಾಣದ ಬಳಿ ಸ್ಥಳವನ್ನು ಅನುಗ್ರಹಿಸಿದರು. ದೊರೆತ 32 ಎಕರೆಗಳೆಲ್ಲವೂ ಬರಡು ನೆಲ. ಪಾಪಾಸುಕಳ್ಳಿಯ ಪೊದೆಗಳು, ಅವುಗಳಡಿಯಲ್ಲಿ ನಾಗರಹಾವುಗಳು. ಒಂದು ಊರಿನ ಏರ್ಪಾಡಿನಲ್ಲಿ ಎಡೆ ದೊರೆಯದೆ ಹೊರಬಿದ್ದವರು 1910ರಲ್ಲಿ ಮತ್ತೊಂದು ಊರಿಗೆ ಅಸ್ತಿಭಾರ ಹಾಕಿದರು. ಅದೇ ಕಿರ್ಲೋಸ್ಕರವಾಡಿ.

ಪರದೇಶಗಳಲ್ಲಿ ಕಾರ್ಮಿಕರಿಗಾಗಿ ಮಾಲೀಕರು ಕಟ್ಟಿಸಿದ ಊರುಗಳ ವಿಷಯವು ಲಕ್ಷ್ಮಣರಾಯರ ಮನಸ್ಸನ್ನು ಬಹುಕಾಲದಿಂದ ಸೆಳೆದಿತ್ತು. ಇಂಗ್ಲೆಂಡಿನಲ್ಲಿ ಸಾಬೂನಿನ ವ್ಯಾಪಾರಿಗಳು ಪೋರ್ಟ್ ಸನ್‌ಲೈಟನ್ನೂ ಚಾಕಲೇಟಿನ ವ್ಯಾಪಾರಿಗಳು ಬೋರ್ನ್‌ವಿಲ್ಲನ್ನೂ ಕಟ್ಟಿದ್ದರು. ನಮ್ಮಲ್ಲಿಯೇ ಟಾಟಾರವರ ಉಕ್ಕಿನ ನಗರವು ಸಾಕ್ಚಿಯಲ್ಲಿ ಆಗತಾನೆ ಮೂಡುತ್ತಿತ್ತು. ಆದರೆ ಅವರೆಲ್ಲರೂ ಕೋಟ್ಯಧೀಶರು. ಲಕ್ಷ್ಮಣರಾಯರ ಬಳಿ ಇದ್ದುದು ಸಾಲದ ಹಣ ಮತ್ತು 25 ಮಂದಿ ಕೆಲಸಗಾರರು. ಆ ಕೆಲಸಗಾರರು ತಮ್ಮ ಸಂಸಾರಗಳೊಡನೆ ಬಂದು ಕಳ್ಳಿಯನ್ನು ಕಡಿದರು, ನೆಲವನ್ನು ಹಸನುಮಾಡಿದರು. ಕಾರಖಾನೆಯನ್ನು ಮೊದಲು ಕಟ್ಟಿ ಕೆಲಸಗಾರರನ್ನು ಎಲ್ಲಿಯಾದರೂ ಇರಿಯೆಂದು ಬಿಡುವ ಪದ್ಧತಿಯನ್ನು ರಾಯರು ಒಪ್ಪಲಿಲ್ಲ. ದುಡಿಮೆಯ ಸ್ಥಳವೂ ವಾಸದ ಸ್ಥಳವೂ ಒಂದೇ ಬಾಳಿನ ಎರಡು ಅಂಗಗಳೆಂದು ತಿಳಿದು ಎರಡನ್ನೂ ಜೊತೆಯಲ್ಲಿಯೇ ಬೆಳೆಸಿದರು.

ಆ ಊರಿನ ನಿಜವಾದ ಕಟ್ಟಡಸಾಮಗ್ರಿಯು ಮನುಷ್ಯನಲ್ಲಿ ಇಟ್ಟ ನಂಬಿಕೆ. ಪಾಠಶಾಲೆಯಲ್ಲಿ ಹೆಸರು ಗಳಿಸದಿದ್ದ ಶಂಭುರಾವ್ ಜಾಂಭೇಕರರು ಅಲ್ಲಿ ನುರಿತ ಯಂತ್ರಶಿಲ್ಪಿಗಳಾದರು. ಗುಮಾಸ್ತೆಯಾಗಿದ್ದ ಮಂಗೇಶರಾವ್ ರೇಗೆಯವರು ಲೆಕ್ಕಪತ್ರಗಳ ಮುಖ್ಯಾಧಿಕಾರಿಗಳಾದರು. ದರೋಡೆಯ ಅಪರಾಧಕ್ಕಾಗಿ ಶಿಕ್ಷೆ ಹೊಂದಿದ್ದ ತುಕಾರಾಮ ರಾಮೋಶಿ ಮತ್ತು ಪಿರ್‍ಯಾ ಮಾಂಗರನ್ನು ರಾಯರು ಊರಿನ ಕಾವಲಿಗೇ ನೇಮಿಸಿದರು. ಅವರು ನಂಬಿಕೆಗೆ ಕುಂದು ತರಲಿಲ್ಲ. ಅಸ್ಪೃಶ್ಯತೆಯ ಆಚರಣೆಯನ್ನು ವಾಡಿಯಲ್ಲಿ ನಿಷೇಧಿಸಲಾಯಿತು. ಜಾತಿಗೊಂದು ಕೇರಿಯಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಸಾಹಸವಲ್ಲ. ಬೀದಿಗಳನ್ನು ನೇರವಾಗಿ ಎಳೆಯಲು ನೂಲು ಸಾಕು; ಆ ಬೀದಿಗಳಲ್ಲಿ ಎಲ್ಲರೂ ತಲೆಯೆತ್ತಿ ನಡೆಯಬೇಕಾದರೆ ಬೇರೊಂದು ಬಗೆಯ ಧೈರ್ಯ ಬೇಕು.

ಈ ಜೀವನವನ್ನು ಬರಿಯ ಜಯಗಾಥೆಯಾಗಿ ಹೇಳುವುದು ಸರಿಯಲ್ಲ. 1948ರಲ್ಲಿ ಮಹಾತ್ಮರ ಹತ್ಯೆಯ ತರುವಾಯ ಆ ಪ್ರಾಂತದಲ್ಲಿ ಹೊತ್ತಿಕೊಂಡ ಜಾತಿದ್ವೇಷದ ಜ್ವಾಲೆಯು ಕಿರ್ಲೋಸ್ಕರವಾಡಿಯ ಕಾರಖಾನೆಯನ್ನೂ ಬಿಡಲಿಲ್ಲ. ತನ್ನೊಳಗೆ ಎಷ್ಟೇ ಸೌಹಾರ್ದವಿದ್ದರೂ ಸುತ್ತಣ ನಾಡು ಬೇಯುತ್ತಿರುವಾಗ ಒಂದು ಊರು ಮಾತ್ರ ತಂಪಾಗಿರಲಾರದೆಂಬುದು ಅಂದು ವಿದಿತವಾಯಿತು. ಕಾರಖಾನೆಯು ಪುನಃ ಎದ್ದು ನಿಂತಿತು. ಲಕ್ಷ್ಮಣರಾಯರು 1956ನೆಯ ಇಸವಿ ಸೆಪ್ಟೆಂಬರ್ 26ರಂದು ದಿವಂಗತರಾದರು.

ಅವರ ಜೀವಿತಕಾಲದಲ್ಲಿಯೇ, 1941ರಲ್ಲಿ, ಅವರ ಮನೆತನದ ಉದ್ಯಮವು ತುಂಗಭದ್ರೆಯ ದಡಕ್ಕೂ ಬಂದಿತು. ಹರಿಹರದ ಮೈಸೂರು ಕಿರ್ಲೋಸ್ಕರ ಕಾರಖಾನೆಯು ಲೇತ್ ಮುಂತಾದ ಯಂತ್ರೋಪಕರಣಗಳನ್ನು ತಯಾರಿಸಿ, ಅನೇಕ ಸಂಸಾರಗಳಿಗೆ ಅನ್ನವನ್ನೂ ಊರಿಗೆ ಹೆಸರನ್ನೂ ತಂದಿತು. ಪ್ರಸಕ್ತ ಶತಮಾನದ ಆರಂಭದಲ್ಲಿ ಆ ಕಾರಖಾನೆಯು ಮುಚ್ಚಿಹೋದಾಗ ಹರಿಹರವು ಅನುಭವಿಸಿದ ಸಂಕಟವನ್ನು ಅಲ್ಲಿಯ ಹಿರಿಯರು ಮರೆತಿಲ್ಲ. ದಾವಣಗೆರೆಯ ಹತ್ತಿಗಿರಣಿಗಳ ಕಥೆಯೂ ಇದಕ್ಕೆ ದೂರವಾದುದಲ್ಲ. ಒಂದೇ ಕಂಬದ ಮೇಲೆ ನಿಂತ ಚಪ್ಪರವು ಆ ಕಂಬದೊಡನೆಯೇ ಉರುಳುವುದು. ರಾಯರ ಮಾರ್ಗವನ್ನು ಹಿಡಿಯುವವರು ಅವರ ಗುಣದೊಡನೆ ಈ ಎಚ್ಚರವನ್ನೂ ಕೂಡಿಸಿಕೊಳ್ಳತಕ್ಕದ್ದು: ಊರಿನ ಹೊಟ್ಟೆಪಾಡು ಹಲವು ಕಸಬುಗಳಲ್ಲಿ ಹಂಚಿಕೊಂಡಿರಬೇಕು.

ದಾವಣಗೆರೆಯು 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿಯೇ ಸೇರಿತು. ಅದರಿಂದ ರಸ್ತೆಗಳಿಗೂ ದೀಪಗಳಿಗೂ ಹಣ ಬಂದುದು ಸಂತೋಷದ ಸಂಗತಿ. ಆದರೆ ಮುಂದಿನ ಬಡಾವಣೆಯ ನಕ್ಷೆಯನ್ನು ಮೇಜಿನ ಮೇಲೆ ಹರಡುವ ಅಧಿಕಾರಿಗಳು ಕೆಲವು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಲಿ. ಇಲ್ಲಿ ವಾಸಿಸುವವನು ದುಡಿಯುವುದು ಎಲ್ಲಿ? ಇಲ್ಲಿಯ ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ, ಬೀದಿ ಗುಡಿಸುವವನಿಗೆ, ಗಾರೆಯವನಿಗೆ ಇದೇ ನಕ್ಷೆಯಲ್ಲಿ ಒಂದು ಸೂರು ಉಂಟೆ? ಕುಂದವಾಡ ಕೆರೆಯ ನೀರನ್ನು ಕುಡಿಯುವ ನಾವು ಹರಿದುಬರುವ ಮಳೆನೀರಿಗೆ ದಾರಿ ಬಿಟ್ಟಿದ್ದೇವೆಯೆ? ನಾಗರಿಕರೂ ತಮ್ಮ ಕಾಂಪೌಂಡಿನ ಗೋಡೆಯಾಚೆಗೆ ದೃಷ್ಟಿ ಹಾಯಿಸಲಿ. ಸಾಲದ ಹಣದಿಂದ, 25 ಮಂದಿಯ ಬೆವರಿನಿಂದ, ಹಾವುಗಳ ಬೀಡಿನಲ್ಲಿ ಊರು ಕಟ್ಟಿದವರಿದ್ದರು. ಹಣಕಾಸು, ಕಾನೂನು, ಇಂಜಿನಿಯರರು ಎಲ್ಲವೂ ಉಳ್ಳ ನಾವು ನಿವೇಶನಗಳನ್ನು ಮಾತ್ರ ಹಂಚಿ ಕೈತೊಳೆದುಕೊಂಡರೆ ಮುಂದಿನವರು ನಮ್ಮನ್ನು ಕ್ಷಮಿಸಲಾರರು.