ಪೋಲಿಯೊ ವೈರಾಣುವಿನ ಬೆನ್ನುಹತ್ತಿದ ರೋಸಲಿಂಡ್ ಫ್ರಾಂಕ್ಲಿನ್

ರೋಸಲಿಂಡ್ ಫ್ರಾಂಕ್ಲಿನ್ ಎಂದೊಡನೆ ಡಿಎನ್‌ಎ ಛಾಯಾಚಿತ್ರ ಹಾಗೂ ದಕ್ಕದೇ ಹೋದ ನೊಬೆಲ್ ನೆನಪಾಗುವುದು ವಾಡಿಕೆ. ಆದರೆ ಈ ವಿಜ್ಞಾನಿ ಬದುಕಿನ ಕೊನೆಯ ತಿಂಗಳುಗಳನ್ನು ಮುಡಿಪಾಗಿಟ್ಟದ್ದು ಮಕ್ಕಳ ಕಾಲಿನ ಕಸುವನ್ನೇ ಕಸಿಯುತ್ತಿದ್ದ ಪೋಲಿಯೊ ವೈರಾಣುವಿನ ಅಧ್ಯಯನಕ್ಕೆ.

1920ರ ಜುಲೈ 25ರಂದು ಲಂಡನ್ನಿನ ಅನುಕೂಲಸ್ಥ ಯಹೂದಿ ಕುಟುಂಬದಲ್ಲಿ ಜನಿಸಿದ ಫ್ರಾಂಕ್ಲಿನ್, ಕೇಂಬ್ರಿಜ್‌ನಲ್ಲಿ ಓದಿ, ಪ್ಯಾರಿಸ್‌ನಲ್ಲಿ ಕ್ಷ-ಕಿರಣ ವಿದ್ಯೆಯಲ್ಲಿ ಪಳಗಿದರು. 1953ರಲ್ಲಿ ಕಿಂಗ್ಸ್ ಕಾಲೇಜನ್ನು ತೊರೆದು ಬರ್ಕ್‌ಬೆಕ್ ಕಾಲೇಜಿನಲ್ಲಿ ಜೆ.ಡಿ. ಬರ್ನಾಲ್ ಅವರ ವಿಭಾಗ ಸೇರಿದರು. ತಂಬಾಕು ಗಿಡವನ್ನು ಬಾಧಿಸುವ ಮೊಸಾಯಿಕ್ ವೈರಾಣು ಟೊಳ್ಳು ಕೊಳವೆಯಂತಿದೆ, ಅದರ ಆರ್‌ಎನ್‌ಎ ಎಳೆ ಪ್ರೋಟೀನಿನ ಗೋಡೆಯೊಳಗೇ ಹುದುಗಿದೆ ಎಂಬುದನ್ನು ಅಲ್ಲಿ ತೋರಿಸಿಕೊಟ್ಟರು. ಡಿಎನ್‌ಎ ವಿವಾದದ ಗದ್ದಲದಲ್ಲಿ ಈ ಸಾಧನೆ ಮಸುಕಾಗಿರುವುದು ವಿಷಾದಕರ.

1956ರಲ್ಲಿ ಅವರಿಗೆ ಅಂಡಾಶಯದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಗಳ ನಡುವೆಯೂ ಪ್ರಯೋಗಾಲಯದ ನಂಟು ಕಡಿಯಲಿಲ್ಲ. ಪೋಲಿಯೊ ವೈರಾಣುವನ್ನು ಹರಳುಗಟ್ಟಿಸುವಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು 1955ರಲ್ಲೇ ಯಶಸ್ವಿಯಾಗಿದ್ದರು. ಹರಳಿನಲ್ಲಿ ಕಣಗಳು ಕವಾಯತಿನ ಸಾಲಿನಂತೆ ಶಿಸ್ತಾಗಿ ನಿಲ್ಲುತ್ತವೆ. ಅದರ ಮೂಲಕ ಕ್ಷ-ಕಿರಣ ಹಾಯಿಸಿದಾಗ ಫಿಲ್ಮಿನ ಮೇಲೆ ಮೂಡುವ ಚುಕ್ಕೆಗಳ ಜಾಗ ಹಾಗೂ ಗಾಢತೆಯಿಂದ ಕಣದ ರಚನೆಯನ್ನು ಗಣಿಸಬಹುದು. ಸುಮಾರು 30 ನ್ಯಾನೊಮೀಟರ್ ವ್ಯಾಸದ ವೈರಾಣುವನ್ನು, ಅಂದರೆ ಒಂದು ಮಿಲಿಮೀಟರಿನಲ್ಲಿ 33 ಸಾವಿರದಷ್ಟು ಸಾಲುಗಟ್ಟಬಲ್ಲ ಕಣವನ್ನು, ಅರಿಯಲು ಆಗ ಇದಕ್ಕಿಂತ ಸೂಕ್ತ ದಾರಿ ಇರಲಿಲ್ಲ. ಆದರೆ ಅದು ರೋಗ ತರಬಲ್ಲ ಜೀವಂತ ವೈರಾಣು. ಅದನ್ನು ಕಟ್ಟಡದೊಳಕ್ಕೆ ತರುವುದಕ್ಕೆ ಸಹೋದ್ಯೋಗಿಗಳು ಅಂಜಿದ್ದು ಸಹಜವೇ. ಫ್ರಾಂಕ್ಲಿನ್ ಹಿಂಜರಿಯಲಿಲ್ಲ.

ಕಾಲ ಮಾತ್ರ ಕೂಡಿಬರಲಿಲ್ಲ. 1958ರ ಏಪ್ರಿಲ್ 16ರಂದು, ತಮ್ಮ 37ನೇ ವಯಸ್ಸಿನಲ್ಲಿ, ಅವರು ನಿಧನರಾದರು. ಮರುದಿನವೇ ಆರಂಭವಾದ ಬ್ರಸೆಲ್ಸ್ ವಿಶ್ವಮೇಳದಲ್ಲಿ ಅವರು ಸಿದ್ಧಪಡಿಸಿದ್ದ ತಂಬಾಕು ವೈರಾಣುವಿನ ಮಾದರಿ ಪ್ರದರ್ಶನಕ್ಕಿತ್ತು.

ಉಳಿದ ಕೆಲಸವನ್ನು ಆರನ್ ಕ್ಲುಗ್ ಮತ್ತು ಜಾನ್ ಫಿಂಚ್ ಮುಂದುವರಿಸಿದರು. ಪೋಲಿಯೊ ವೈರಾಣುವಿನ ಕವಚಕ್ಕೆ 20 ತ್ರಿಕೋನ ಮುಖಗಳ ಘನಾಕೃತಿಯ ಸಮಮಿತಿ ಇದೆ ಎಂದು ಸಾರಿದ ಅವರ ಪ್ರಬಂಧ 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಫ್ರಾಂಕ್ಲಿನ್ ಸ್ಮರಣೆಗೆ ಅರ್ಪಿಸಲಾಗಿತ್ತು. ಪರಮಾಣು ಮಟ್ಟದ ಪೂರ್ಣ ಚಿತ್ರ ದೊರೆಯಲು ಮಾತ್ರ ಜಗತ್ತು 1985ರವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ್ದು ಅಮೆರಿಕದ ಜೇಮ್ಸ್ ಹೋಗ್ಲ್ ಅವರ ತಂಡ. ಅದಕ್ಕೂ ಮೊದಲು, 1982ರಲ್ಲಿ, ಕ್ಲುಗ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಪ್ರಶಸ್ತಿ ಉಪನ್ಯಾಸದಲ್ಲಿ ಅವರು ತಮ್ಮನ್ನು ವೈರಾಣುಗಳ ಕಡೆಗೆ ಕರೆತಂದ ಫ್ರಾಂಕ್ಲಿನ್ ಅವರನ್ನು ನೆನೆದರು.