ಕೈಕೆಲಸವನ್ನೇ ಪಾಠ ಮಾಡಿದ ಗಾಂಧಿ ತಾತ

ಗಾಂಧೀಜಿ ಅಂದ ತಕ್ಷಣ ನಮಗೆಲ್ಲ ನೆನಪಿಗೆ ಬರುವುದು ಕನ್ನಡಕ, ಕೋಲು, ಉಪ್ಪಿನ ಸತ್ಯಾಗ್ರಹ. ಪ್ರತಿ ವರ್ಷ ಅಕ್ಟೋಬರ್ 2ರ ಭಾಷಣದಲ್ಲಿ ಇದೇ ಇರುತ್ತೆ. ಆದರೆ ಗಾಂಧೀಜಿ ಮೇಷ್ಟ್ರೂ ಆಗಿದ್ದರು. ಮಕ್ಕಳ ಜೊತೆ ಗುಂಡಿ ತೋಡುತ್ತಾ, ಚಪ್ಪಲಿ ಹೊಲಿಯುತ್ತಾ ಪಾಠ ಹೇಳಿದವರು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಅವರ ಜೀವನದ ಈ ಭಾಗವನ್ನೇ ಬರೆದಿದ್ದೇನೆ. ಸ್ವಾತಂತ್ರ್ಯ ಹೋರಾಟದ ವಿಷಯ ನಮ್ಮ ಸಮಾಜ ಪುಸ್ತಕದಲ್ಲೇ ಇದೆ, ಅದನ್ನು ಇಲ್ಲಿ ಹೆಚ್ಚು ಬರೆದಿಲ್ಲ.

ಮೋಹನದಾಸ ಕರಮಚಂದ ಗಾಂಧಿಯವರು 1869ನೇ ಇಸವಿ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ ಜನಿಸಿದರು. ತಂದೆ ಕರಮಚಂದರು ದಿವಾನರಾಗಿದ್ದರು. ತಾಯಿ ಪುತಲೀಬಾಯಿ. ಅವರು ಓದಿನಲ್ಲಿ ಬಹಳ ಜಾಣರೇನೂ ಆಗಿರಲಿಲ್ಲ. ಮಗ್ಗಿ ಕಲಿಯಲು ತುಂಬಾ ಕಷ್ಟಪಟ್ಟರಂತೆ. ಹೈಸ್ಕೂಲಿನಲ್ಲಿ ಪಾಠಗಳನ್ನು ಇಂಗ್ಲೀಷಿನಲ್ಲಿ ಹೇಳತೊಡಗಿದಾಗ ಇನ್ನೂ ಕಷ್ಟವಾಯಿತು. ರೇಖಾಗಣಿತದಲ್ಲಿ ಯೂಕ್ಲಿಡನ 13ನೇ ಪ್ರಮೇಯದವರೆಗೂ ತಲೆ ಬುಡ ಅರ್ಥವಾಗಿರಲಿಲ್ಲ. ಅಲ್ಲಿಗೆ ಬಂದಾಗ ಒಮ್ಮೆಲೇ ಹೊಳೆದು, ಆಮೇಲೆ ಆ ವಿಷಯ ಸುಲಭವಾಯಿತು. ತಮ್ಮ ಭಾಷೆಯಲ್ಲೇ ಹೇಳಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ ಎಂದು ದೊಡ್ಡವರಾದ ಮೇಲೆ ಬರೆದಿದ್ದಾರೆ. ಕನ್ನಡ ಮಾಧ್ಯಮದ ನಾವು ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು.

ಕೈಯಿಂದ ಬರೆಯುವ ಈ ಪತ್ರಿಕೆಗೆ ಸಂಬಂಧಪಟ್ಟ ಒಂದು ವಿಷಯ ಹೇಳಲೇಬೇಕು. ಗಾಂಧೀಜಿಯವರ ಕೈಬರಹ ಚೆನ್ನಾಗಿರಲಿಲ್ಲ. ಅಕ್ಷರ ದುಂಡಗೆ ಬರೆಯುವುದು ಓದಿಗೆ ಅವಶ್ಯಕವಲ್ಲ ಅಂತ ಅವರು ಚಿಕ್ಕಂದಿನಲ್ಲಿ ತಿಳಿದಿದ್ದರು. ಮುಂದೆ ದಕ್ಷಿಣ ಆಫ್ರಿಕದಲ್ಲಿ ಬೇರೆ ವಕೀಲರ ಮುತ್ತಿನಂಥ ಅಕ್ಷರ ನೋಡಿ ನಾಚಿಕೆ ಆಯಿತು. ತಿದ್ದಿಕೊಳ್ಳಲು ಹೋದರು, ಆದರೆ ಕೈ ಆಗಲೇ ಪಳಗಿಹೋಗಿತ್ತು, ಆಗಲಿಲ್ಲ. ಆದ್ದರಿಂದ ಮಕ್ಕಳಿಗೆ ಮೊದಲು ಚಿತ್ರ ಬಿಡಿಸುವುದನ್ನು ಕಲಿಸಬೇಕು, ಹೂವು ಹಕ್ಕಿಗಳನ್ನು ನೋಡಿ ಬರೆದ ಕೈಗೆ ಅಕ್ಷರವೂ ಚೆನ್ನಾಗಿ ಬರುತ್ತದೆ ಎಂಬುದು ಅವರ ಅಭಿಪ್ರಾಯವಾಯಿತು. ಮೊದಲು ಕಣ್ಣು ಮತ್ತು ಕೈ, ಆಮೇಲೆ ಪುಸ್ತಕ ಎಂಬ ಅವರ ಯೋಚನೆ ಇಲ್ಲೂ ಕಾಣುತ್ತೆ.

1888ರಲ್ಲಿ ಲಂಡನ್ನಿಗೆ ಹೋಗಿ 1891ರಲ್ಲಿ ಬ್ಯಾರಿಸ್ಟರ್ ಆದರು. 1893ರಲ್ಲಿ ವಕೀಲಿ ಕೆಲಸಕ್ಕೆ ದಕ್ಷಿಣ ಆಫ್ರಿಕಕ್ಕೆ ಹೋದರು. ರೈಲಿನಿಂದ ಅವರನ್ನು ಕೆಳಗಿಳಿಸಿದ್ದು ಎಲ್ಲರಿಗೂ ಗೊತ್ತು. ಅಲ್ಲಿಯ ರೈಲಿನಲ್ಲೇ ಇನ್ನೊಂದು ದೊಡ್ಡ ಸಂಗತಿ ನಡೆಯಿತು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವಾಗ ರಸ್ಕಿನ್ ಎಂಬುವರ ಪುಸ್ತಕವೊಂದನ್ನು ಓದಿದರು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ, ಕೈಯಿಂದ ದುಡಿದು ಬದುಕುವುದೇ ಒಳ್ಳೆಯ ಬದುಕು ಎಂಬುದು ಅದರಿಂದ ಅವರ ಮನಸ್ಸಿಗೆ ನಾಟಿತು. ಅದೇ ವರ್ಷ ಡರ್ಬನ್ ಹತ್ತಿರ ಫೀನಿಕ್ಸ್ ಎಂಬಲ್ಲಿ ಜಮೀನು ಕೊಂಡು ತಮ್ಮ ಪತ್ರಿಕೆಯ ಪ್ರೆಸ್ಸನ್ನು ಅಲ್ಲಿಗೆ ಸಾಗಿಸಿದರು. ಮೊದಲ ದಿನ ರಾತ್ರಿಯೇ ಎಂಜಿನ್ ಕೆಟ್ಟಿತು. ಮಲಗಿದ್ದ ಬಡಗಿಗಳನ್ನೂ ಎಬ್ಬಿಸಿ ಎಲ್ಲರೂ ಸರದಿ ಮೇಲೆ ಕೈಯಲ್ಲೇ ಚಕ್ರ ತಿರುಗಿಸಿ ಪತ್ರಿಕೆ ಅಚ್ಚು ಮಾಡಿದರು. ಬೆಳಿಗ್ಗೆ ಆದಾಗ ಎಂಜಿನ್ ತಾನೇ ಸರಿಹೋಯಿತು! ಅಲ್ಲಿದ್ದವರೆಲ್ಲ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿಯಬೇಕಿತ್ತು. ಆ ಕೆಲಸದಲ್ಲಿ ಎಲ್ಲರಿಗಿಂತ ದಡ್ಡರು ಗಾಂಧೀಜಿಯೇ ಅಂತೆ, ಅವರೇ ಒಪ್ಪಿಕೊಂಡಿದ್ದಾರೆ.

ನಿಜವಾದ ಶಾಲೆ ಶುರುವಾಗಿದ್ದು 1910ರಲ್ಲಿ, ಟಾಲ್‌ಸ್ಟಾಯ್ ಫಾರ್ಮಿನಲ್ಲಿ. ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರ. 1,100 ಎಕರೆ ಜಮೀನು, ಅದರಲ್ಲಿ ಸಾವಿರದ ಹತ್ತಿರ ಹಣ್ಣಿನ ಮರಗಳು. ಹರ್ಮನ್ ಕಾಲೆನ್‌ಬಾಕ್ ಎಂಬ ಗೆಳೆಯರು ಇದನ್ನು ಬಿಟ್ಟುಕೊಟ್ಟರು. ಸತ್ಯಾಗ್ರಹ ಮಾಡಿ ಜೈಲಿಗೆ ಹೋದವರ ಹೆಂಡತಿ ಮಕ್ಕಳಿಗೆ ಒಂದು ನೆಲೆ ಬೇಕಾಗಿತ್ತು. ಅಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಎಲ್ಲ ಮಕ್ಕಳೂ ಇದ್ದರು. ಗುಜರಾತಿ, ಹಿಂದಿ, ತಮಿಳು, ತೆಲುಗು ಮಾತಾಡೋರು. ಆಳುಕಾಳು ಯಾರೂ ಇಲ್ಲ. ಅಡುಗೆಯಿಂದ ಹಿಡಿದು ಕಕ್ಕಸು ತೊಳೆಯುವವರೆಗೆ ಎಲ್ಲ ಕೆಲಸ ಅವರೇ ಮಾಡಬೇಕು. ಬೆಳಿಗ್ಗೆ ಮಕ್ಕಳು ಗುಂಡಿ ತೋಡೋದು, ಮರ ಕಡಿಯೋದು, ಹೊರೆ ಹೊರೋದು, ಗಿಡಕ್ಕೆ ನೀರು ಹಾಕೋದು. ಪಾಠ ಮಧ್ಯಾಹ್ನ ಊಟ ಆದ ಮೇಲೆ. ಆಗ ಹುಡುಗರಿಗೆ ತೂಕಡಿಕೆ, ಮೇಷ್ಟ್ರಿಗೂ ತೂಕಡಿಕೆ! ಕಣ್ಣಿಗೆ ನೀರು ಹಾಕಿಕೊಂಡು ಕೂರುತ್ತಿದ್ದರಂತೆ.

ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಮೇಷ್ಟ್ರು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದು. ಮಕ್ಕಳಿಗೆ ಯಾವ ಕೆಲಸ ಕೊಟ್ಟರೂ ಒಬ್ಬರು ಮೇಷ್ಟ್ರು ಜೊತೆಯಲ್ಲಿ ನಿಂತು ಅದೇ ಕೆಲಸ ಮಾಡಬೇಕು. ಚಪ್ಪಲಿ ಹೊಲಿಯುವುದನ್ನು ಕಲಿಸಬೇಕು ಅಂತ ಆದಾಗ ಮೊದಲು ಕಾಲೆನ್‌ಬಾಕ್ ಅವರು ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಹೋಗಿ ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು. ಗಾಂಧೀಜಿಯಿಂದ ಉಳಿದವರು. ದಿವಾನರ ಮಗ, ಬ್ಯಾರಿಸ್ಟರ್, ಚರ್ಮದ ಕೆಲಸಕ್ಕೆ ಕೂತರು ಅಂದರೆ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆ ಕೆಲಸ ಮಾಡುವ ಜಾತಿಯವರನ್ನು ಮುಟ್ಟದೇ ಇದ್ದ ಕಾಲ ಅದು. ಮುಂದೆ ಜೈಲಿನಲ್ಲಿದ್ದಾಗ ಒಂದು ಜೊತೆ ಚಪ್ಪಲಿ ಹೊಲಿದು, ತಮ್ಮನ್ನು ಜೈಲಿಗೆ ಹಾಕಿಸಿದ ಜನರಲ್ ಸ್ಮಟ್ಸ್ ಅವರಿಗೇ ಕಾಣಿಕೆ ಕೊಟ್ಟರು. ಸ್ಮಟ್ಸ್ ಎಷ್ಟೋ ಬೇಸಿಗೆ ಅದನ್ನು ಹಾಕಿಕೊಂಡು, 1939ರಲ್ಲಿ ಗಾಂಧೀಜಿಯವರ 70ನೇ ಹುಟ್ಟುಹಬ್ಬಕ್ಕೆ ಹಿಂದಿರುಗಿಸಿದರು.

ಅದೇ ಫಾರ್ಮಿನಲ್ಲಿ ಗಾಂಧೀಜಿ ಒಂದು ಸಲ ತುಂಟ ಹುಡುಗನೊಬ್ಬನಿಗೆ ರೂಲುದೊಣ್ಣೆಯಿಂದ ಹೊಡೆದುಬಿಟ್ಟರು. ಹೊಡೆಯುವಾಗ ಅವರ ಕೈಯೇ ನಡುಗಿತು. ಹುಡುಗ ಅತ್ತು ಕ್ಷಮೆ ಕೇಳಿದ. ಅವನು ಅತ್ತಿದ್ದು ಪೆಟ್ಟಿನ ನೋವಿಗಲ್ಲ, ಮೇಷ್ಟ್ರಿಗೆ ಆದ ನೋವು ನೋಡಿ ಎಂದು ಗಾಂಧೀಜಿಗೆ ಅನ್ನಿಸಿತು. ಆ ಹೊಡೆತದ ಬಗ್ಗೆ ಅವರಿಗೆ ಕೊನೆಗೂ ಪಶ್ಚಾತ್ತಾಪ ಇತ್ತು. (ಇದನ್ನು ನಮ್ಮ ಗುರುಗಳು ತಪ್ಪು ತಿಳಿಯಬಾರದು, ಜೀವನ ಚರಿತ್ರೆಯಲ್ಲಿ ಇದೆ ಅಂತ ಬರೆದೆ.)

1915ರಲ್ಲಿ ಭಾರತಕ್ಕೆ ಹಿಂದಿರುಗಿದರು. ರಾಟೆ ಎಂದರೆ ಗಾಂಧಿ, ಗಾಂಧಿ ಎಂದರೆ ರಾಟೆ ಅಂತ ನಾವು ತಿಳಿದಿದ್ದೇವೆ. ಆದರೆ 1908ರ ಹೊತ್ತಿಗೆ, ಕೈನೂಲಿನ ಪರವಾಗಿ ಯೋಚನೆ ಮಾಡುತ್ತಿದ್ದಾಗ, ಅವರು ರಾಟೆಯನ್ನೂ ಕೈಮಗ್ಗವನ್ನೂ ಕಣ್ಣಿಂದ ನೋಡಿದ ನೆನಪೇ ಇರಲಿಲ್ಲ. ಸಾಬರಮತಿ ಆಶ್ರಮ ಮಾಡಿದ ಮೇಲೆ ಗಂಗಾಬೆನ್ ಎಂಬ ತಾಯಿ ಊರೂರು ಹುಡುಕಿ, ಅಟ್ಟದ ಮೇಲೆ ಬಿದ್ದಿದ್ದ ಹಳೇ ರಾಟೆಗಳನ್ನು ಪತ್ತೆ ಮಾಡಿಕೊಟ್ಟರು. ಗಾಂಧೀಜಿ ನೂಲುವುದನ್ನು ಕಲಿತಿದ್ದು 50 ವರ್ಷ ಸಮೀಪಿಸಿದ ಮೇಲೆ.

ನಮ್ಮ ಸೀಮೆಗೂ ಅವರು ಬಂದಿದ್ದರು. 1927ರಲ್ಲಿ ಪ್ರವಾಸ ಮಾಡುವಾಗ ರಕ್ತದ ಒತ್ತಡ ಏರಿ ಕಾಯಿಲೆ ಬಿದ್ದು, ಬೇಸಿಗೆಯಲ್ಲಿ ಸುಮಾರು ಒಂದೂವರೆ ತಿಂಗಳು ನಮಗೆ ಹತ್ತಿರದ ನಂದಿ ಬೆಟ್ಟದ ಮೇಲೆ ವಿಶ್ರಾಂತಿ ತೆಗೆದುಕೊಂಡರು. 1936ರಲ್ಲೂ ಮತ್ತೆ ಬಂದರು. ಆ ವರ್ಷ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ್ದು ಒಬ್ಬ ಬಡ ವಿದ್ಯಾರ್ಥಿ. ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ, ಓದಲಿಕ್ಕೆ ಬೆಂಗಳೂರಿಗೆ ನಡೆದುಕೊಂಡೇ ಹೋಗಿದ್ದವರು. ಅವರೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರು. ಅವರ ಕಥೆ ಬೇರೆಯೇ ಬರೆಯಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಶಿಕ್ಷಣದ ಸಮ್ಮೇಳನ ನಡೆಯಿತು. ಗಾಂಧೀಜಿ ಅಧ್ಯಕ್ಷರು. 7ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ. ಅದು ತಾಯಿನುಡಿಯಲ್ಲೇ ಇರಬೇಕು. ಒಂದು ಕೈಕೆಲಸವನ್ನು ನಡುವೆ ಇಟ್ಟುಕೊಂಡು ಎಲ್ಲ ಪಾಠವನ್ನೂ ಅದರ ಸುತ್ತ ಕಲಿಸಬೇಕು. ಇದಕ್ಕೆ ನಯೀ ತಾಲೀಮ್, ಮೂಲ ಶಿಕ್ಷಣ ಅಂತ ಹೆಸರು. ಡಾ. ಜಾಕಿರ್ ಹುಸೇನರ ಸಮಿತಿ ವೇಳಾಪಟ್ಟಿ ಮಾಡಿತು. ದಿನಕ್ಕೆ ಐದೂವರೆ ಗಂಟೆ ಶಾಲೆ. ಅದರಲ್ಲಿ 3 ಗಂಟೆ 20 ನಿಮಿಷ ಕೈಕೆಲಸ. ತಾಯಿನುಡಿಗೆ 40 ನಿಮಿಷ. ಸಂಗೀತ, ಚಿತ್ರಕಲೆ, ಲೆಕ್ಕ ಮೂರೂ ಸೇರಿ 40 ನಿಮಿಷ. ಸಮಾಜ ಮತ್ತು ವಿಜ್ಞಾನಕ್ಕೆ 30 ನಿಮಿಷ. ವ್ಯಾಯಾಮಕ್ಕೆ 10, ಬಿಡುವು 10. ಇಂಗ್ಲೀಷ್ ಇಲ್ಲವೇ ಇಲ್ಲ. ನಮ್ಮ ತರಗತಿಯ ಕೆಲವರಿಗೆ ಇದು ಸ್ವರ್ಗ ಅನ್ನಿಸಬಹುದು. ಆದರೆ ಲೆಕ್ಕ ತಪ್ಪಿತು ಅಂತ ತಿಳಿಯಬೇಡಿ, ಅದು ಕೈಕೆಲಸದ ಒಳಗೇ ಕೂತಿರುತ್ತೆ.

ಅದು ಹೇಗೆ ಅನ್ನೋದಕ್ಕೆ ಗಾಂಧೀಜಿ ತಕಲಿಯ ಉದಾಹರಣೆ ಕೊಡುತ್ತಿದ್ದರು. ತಕಲಿ ಅಂದರೆ ಒಂದು ಕಡ್ಡಿ, ಕೆಳಗೆ ಒಂದು ದುಂಡು ಬಿಲ್ಲೆ. ಬುಗುರಿ ಹಾಗೆ ತಿರುಗಿಸುತ್ತಾ ಹತ್ತಿಯ ಹಂಜಿಯಿಂದ ನೂಲು ಎಳೆಯೋದು. ಬಿಲ್ಲೆ ಹಿತ್ತಾಳೆಯದು, ಕಡ್ಡಿ ಉಕ್ಕಿನದು ಏಕೆ ಅಂತ ಕೇಳಿದರೆ ವಿಜ್ಞಾನ ಶುರುವಾಯಿತು. ಬಿಲ್ಲೆಯ ಸರಿಯಾದ ಮಧ್ಯಕ್ಕೇ ಕಡ್ಡಿ ಹಾಕದಿದ್ದರೆ ತಕಲಿ ವಾಲಾಡುತ್ತೆ. ಆಗ ವೃತ್ತ, ಕೇಂದ್ರ, ತ್ರಿಜ್ಯ ಎಲ್ಲ ಬಂತು. ಹತ್ತಿ ಯಾವ ಮಣ್ಣಲ್ಲಿ ಬೆಳೆಯುತ್ತೆ, ಕೆಂಪು ಮಣ್ಣಿನ ನಮ್ಮ ಕಡೆ ರಾಗಿ ಏಕೆ ಜಾಸ್ತಿ ಅಂದರೆ ಭೂಗೋಳ. ನಮ್ಮ ದೇಶದ ನೂಲುವ ಕೆಲಸ ಏಕೆ ಹಾಳಾಯಿತು, ಇಂಗ್ಲೆಂಡಿನ ಗಿರಣಿ ಬಟ್ಟೆ ಹೇಗೆ ಬಂತು ಅಂದರೆ ಇತಿಹಾಸ.

ಲೆಕ್ಕಕ್ಕೆ ನಾನೇ ಒಂದು ಉದಾಹರಣೆ ಮಾಡಿದ್ದೇನೆ. ದೊಡ್ಡಬಳ್ಳಾಪುರದ ಮಗ್ಗದ ಸದ್ದು ಕೇಳಿದವರಿಗೆ ನೂಲಿಗೆ ನಂಬರ್ ಇರುತ್ತೆ ಅಂತ ಗೊತ್ತಿರಬಹುದು. ಒಂದು ಪೌಂಡ್ ತೂಕದ ಹತ್ತಿ ನೂಲಿನಲ್ಲಿ 840 ಗಜದ ಲಡಿ ಎಷ್ಟು ಬರುತ್ತೋ ಅದೇ ಅದರ ನಂಬರ್. 20ನೇ ನಂಬರ್ ಅಂದರೆ 20 ಲಡಿ. 840 ಗುಣಿಸು 20, ಒಟ್ಟು 16,800 ಗಜ. ಅಂದರೆ 15 ಕಿಲೋಮೀಟರಿಗೂ ಜಾಸ್ತಿ ಉದ್ದ, ತೂಕ ಅರ್ಧ ಕೆ.ಜಿ. ಕೂಡ ಇಲ್ಲ! ನಂಬರ್ ಹೆಚ್ಚಾದಷ್ಟೂ ನೂಲು ಸಣ್ಣ. ಗುಣಾಕಾರ, ಅಳತೆ, ತೂಕ ಮೂರೂ ಇದರಲ್ಲಿ ಬಂತು.

ಈ ಯೋಜನೆಗೆ ವಿರೋಧವೂ ಇತ್ತು. ಮಕ್ಕಳು ಮಾಡಿದ ವಸ್ತುಗಳನ್ನು ಸರ್ಕಾರ ಕೊಂಡು, ಆ ಹಣದಿಂದ ಮೇಷ್ಟ್ರ ಸಂಬಳ ಹುಟ್ಟಬೇಕು ಎಂಬುದು ಗಾಂಧೀಜಿಯವರ ಆಸೆ. ಬಡ ದೇಶದಲ್ಲಿ ಹಳ್ಳಿ ಹಳ್ಳಿಗೂ ಶಾಲೆ ಮಾಡಲು ದುಡ್ಡು ಎಲ್ಲಿಂದ ತರೋದು ಎಂಬ ಚಿಂತೆ ಅವರಿಗೆ. ಆದರೆ ಹೀಗಾದರೆ ಶಾಲೆ ಕಾರ್ಖಾನೆ ಆಗುತ್ತೆ ಅಂತ ಕೆಲವರು ಹೇಳಿದರು. ದುಡ್ಡಿನ ಆಸೆಗೆ ಕಲಿಕೆ ಹಿಂದೆ ಬೀಳುವ ಅಪಾಯವಿದೆ ಅಂತ ಸಮಿತಿಯ ವರದಿಯೇ ಎಚ್ಚರಿಸಿತು. ನನಗೂ ಇದು ಸರಿ ಅನ್ನಿಸುತ್ತೆ. ಮೇಷ್ಟ್ರ ಸಂಬಳಕ್ಕಾಗಿ ಇಷ್ಟು ನೂಲು ತೆಗೆಯಲೇಬೇಕು ಅಂದರೆ ಅದು ಪಾಠ ಅಲ್ಲ, ಕೂಲಿ. ಇನ್ನೊಂದು ಕಷ್ಟ ಅಪ್ಪ ಅಮ್ಮಂದಿರದು. ಹೊಲದಲ್ಲಿ ಗೇಯುವವರು ಮಕ್ಕಳನ್ನು ಶಾಲೆಗೆ ಕಳಿಸೋದೇ ಆ ಕೆಲಸ ತಪ್ಪಲಿ ಅಂತ. ಅಲ್ಲೂ ಗುದ್ದಲಿ ಕೊಟ್ಟರೆ ಅವರಿಗೆ ಹೇಗೆ ಅನ್ನಿಸುತ್ತೆ? ಪಟ್ಟಣದ ದೊಡ್ಡವರ ಮಕ್ಕಳು ಇಂಗ್ಲೀಷ್ ಶಾಲೆಯಲ್ಲಿ, ಹಳ್ಳಿ ಮಕ್ಕಳು ಮಾತ್ರ ತಕಲಿ ಹಿಡಿದು ಅಂತ ಆದರೆ ಅದು ನ್ಯಾಯ ಅಲ್ಲ. ಗಾಂಧೀಜಿ ಹೇಳಿದ್ದು ಎಲ್ಲ ಮಕ್ಕಳಿಗೂ ಅಂತ. ನಡೆದದ್ದು ಹಾಗಲ್ಲ.

1938ರಲ್ಲಿ ಹಿಂದೂಸ್ತಾನಿ ತಾಲೀಮಿ ಸಂಘ ಆಯಿತು. ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳು ಸೇವಾಗ್ರಾಮದ ಶಾಲೆ ನಡೆಸಿದರು. ಅಷ್ಟರಲ್ಲಿ ಯುದ್ಧ, 1942ರ ಚಳವಳಿ, ಜೈಲು. 1947ರಲ್ಲಿ ಸ್ವಾತಂತ್ರ್ಯ ಬಂತು. 1948ರ ಜನವರಿ 30ರಂದು ದೆಹಲಿಯಲ್ಲಿ ಸಂಜೆ ಪ್ರಾರ್ಥನೆಗೆ ಹೋಗುತ್ತಿದ್ದ ಗಾಂಧೀಜಿಯವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 78 ವರ್ಷ.

ಆಮೇಲೆ ಕೆಲವು ವರ್ಷ ಮೂಲ ಶಿಕ್ಷಣದ ಶಾಲೆಗಳು ದೇಶದಲ್ಲೆಲ್ಲ ನಡೆದು, ನಿಧಾನಕ್ಕೆ ಕಡಿಮೆ ಆದವು. ಎಷ್ಟೋ ಕಡೆ ಕೈಕೆಲಸ ಒಂದು ಪೀರಿಯಡ್ ಆಗಿ ಉಳೀತು, ಪಾಠಕ್ಕೂ ಅದಕ್ಕೂ ಸಂಬಂಧ ತಪ್ಪಿತು. ನಮ್ಮ ರಾಜ್ಯದಲ್ಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯೂ ಮಾಡಿ ಕಲಿಯುವ ದಾರಿಯೇ. ಅದು ಗಾಂಧೀಜಿಯವರ ಯೋಜನೆಯಿಂದ ಬಂದದ್ದಲ್ಲ, ಬೇರೆ. ಒಂದರಿಂದ ಮೂರನೇ ತರಗತಿವರೆಗೆ ಕಾರ್ಡು, ತಟ್ಟೆ, ಏಣಿ, ದಾರದ ಚಪ್ಪರಕ್ಕೆ ನೇತುಹಾಕಿದ ಚಿತ್ರ, ಇವುಗಳಲ್ಲೇ ಕಲಿಯೋದು. ನಾಲ್ಕನೇ ತರಗತಿಗೆ ಬಂದರೆ ಬೆಂಚು, ಪುಸ್ತಕ, ಪ್ರಶ್ನೋತ್ತರ. ಕೈಗೆ ಪೆನ್ಸಿಲ್ ಬಿಟ್ಟು ಬೇರೆ ಏನೂ ಸಿಗೋದು ಕಡಿಮೆ. ದೊಡ್ಡ ತರಗತಿಯವರಿಗೂ ಏಕೆ ಇರಬಾರದು ಅಂತ ನನ್ನ ಪ್ರಶ್ನೆ. ಗುರುಗಳು ಉತ್ತರ ಬರೆದು ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇವೆ.

ಸೇವಾಗ್ರಾಮದಲ್ಲಿ ನಿಂತುಹೋಗಿದ್ದ ಶಾಲೆ 2005ರಲ್ಲಿ ಆನಂದ ನಿಕೇತನ ಎಂಬ ಹೆಸರಿನಲ್ಲಿ ಮತ್ತೆ ಆರಂಭವಾಯಿತು. ಮಕ್ಕಳು ತೋಟ ಮಾಡುವುದು, ಅಡುಗೆ ಮಾಡುವುದು, ನೂಲುವುದು ಅಲ್ಲಿ ಪಾಠದ ಭಾಗವೇ.